ಕಂಟೇನರ್ ಜಾಸ್ತಿ ಮಾಡಿದ್ರೂ ಸರ್ವರ್ ಯಾಕೆ ಮಲಗುತ್ತೆ?

ಫಲಿತಾಂಶದ ದಿನ ಬೆಳಗ್ಗೆ ವೆಬ್‌ಸೈಟ್ ತೆರೆಯಲ್ಲ. 'ಇನ್ನೂ ನಾಲ್ಕು ಸರ್ವರ್ ಹಾಕೋಕೇನು?' ಅಂತ ನಾವೆಲ್ಲ ಬೈತೀವಿ. ನಾನು ಬ್ಯಾಕೆಂಡ್ ಕೆಲಸ ಮಾಡೋನು. ಹಾಗೆ ಹಾಕಿದಾಗಲೇ ಪರಿಸ್ಥಿತಿ ಕೆಡೋದನ್ನೂ ನೋಡಿದ್ದೀನಿ. ಯಾಕೆ ಅಂತ ಇವತ್ತು ಹೇಳ್ತೀನಿ.

ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಟೋಕನ್ ಕೊಡೋ ಕೌಂಟರ್ ಒಂದಿದ್ದದ್ದು ಐದಾಯ್ತು, ಆದರೆ ದೋಸೆ ಕಾವಲಿ ಒಂದೇ. ದೋಸೆ ಬೇಗ ಬರುತ್ತಾ? ಇಲ್ಲ, ಕಾವಲಿ ಮುಂದೆ ನೂಕುನುಗ್ಗಲು ಅಷ್ಟೇ. ಇಲ್ಲಿ ಕೌಂಟರ್ ಅಂದ್ರೆ ಕಂಟೇನರ್, ಕಾವಲಿ ಅಂದ್ರೆ ಡೇಟಾಬೇಸ್.

ಈಗ ಲೆಕ್ಕ. ಪೋಸ್ಟ್‌ಗ್ರೆಸ್‌ನಲ್ಲಿ ಡೀಫಾಲ್ಟ್ ಆಗಿ 100 ಕನೆಕ್ಷನ್. ಅದರಲ್ಲಿ 3 ಅಡ್ಮಿನ್‌ಗೆ ಮೀಸಲು, ಉಳಿದದ್ದು 97. ಜಾವಾದವರು ಬಳಸೋ ಹಿಕಾರಿ ಪೂಲ್ ಪ್ರತಿ ಕಂಟೇನರ್‌ಗೂ 10 ಕನೆಕ್ಷನ್ ಹಿಡಿಯುತ್ತೆ. 5 ಕಂಟೇನರ್ ಇದ್ರೆ 50, ಆರಾಮ. ಜನ ನುಗ್ಗಿದ್ರು, ಆಟೋಸ್ಕೇಲಿಂಗ್ 12 ಮಾಡ್ತು. 120 ಬೇಕು! ಹತ್ತನೇ ಕಂಟೇನರ್‌ಗೆ ಸಿಗೋದು 7, ಆಮೇಲಿನವಕ್ಕೆ ಸೊನ್ನೆ. ಹೊಸ ವರ್ಷನ್ ಹಾಕುವಾಗ ಹಳೇದು, ಹೊಸದು ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ಓಡ್ತವೆ. ಆ ಲೆಕ್ಕವನ್ನೂ ಸೇರಿಸಬೇಕು.

ಥ್ರೆಡ್‌ದು ಇನ್ನೊಂದು ಕಥೆ. ಟಾಮ್‌ಕ್ಯಾಟ್ ಡೀಫಾಲ್ಟ್ ಆಗಿ 200 ಥ್ರೆಡ್‌ವರೆಗೂ ಹೋಗುತ್ತೆ. ಕನೆಕ್ಷನ್ 10 ಇದ್ದಾಗ ಎಲ್ಲಾ ರಿಕ್ವೆಸ್ಟೂ ಡೇಟಾಬೇಸ್ ಕೇಳಿದ್ರೆ, 190 ಥ್ರೆಡ್ ಮೆಮೊರಿ ತಿನ್ನುತ್ತಾ ಸಾಲಲ್ಲಿ ನಿಂತಿರ್ತವೆ.

ಸಿಪಿಯು ನೋಡಿ. ಯಂತ್ರದಲ್ಲಿ 64 ಕೋರ್, ನಿಮ್ಮ ಕಂಟೇನರ್‌ಗೆ ಮಿತಿ 2. ಅಂದ್ರೆ ಲಿನಕ್ಸ್ ಪ್ರತಿ 100 ಮಿಲಿಸೆಕೆಂಡಿಗೆ ಒಟ್ಟು 200 ಮಿಲಿಸೆಕೆಂಡ್ ಸಿಪಿಯು ಸಮಯ ಕೊಡುತ್ತೆ. 64 ಥ್ರೆಡ್ ಒಟ್ಟಿಗೆ ಓಡಿದ್ರೆ ಮೂರು ಚಿಲ್ಲರೆ ಮಿಲಿಸೆಕೆಂಡಲ್ಲಿ ಅದೆಲ್ಲ ಖಾಲಿ. ಉಳಿದ 96 ಮಿಲಿಸೆಕೆಂಡ್ ಕಂಟೇನರ್ ಸ್ತಬ್ಧ. ಈ ಮಿತಿ ಗಮನಿಸೋದನ್ನ ಜಾವಾ ಕಲಿತದ್ದು 2018ರಲ್ಲಿ, ಗೋ ಭಾಷೆ 2025ರಲ್ಲಿ. ಹಳೇ ವರ್ಷನ್ ಓಡಿಸ್ತಿದ್ರೆ ಕೋರ್ ಸಂಖ್ಯೆಯನ್ನ ನೀವೇ ಹೇಳಬೇಕು.

ಹಾಗಾದ್ರೆ ಮಾಡೋದೇನು? ಹಿಂದಿನಿಂದ ಲೆಕ್ಕ ಹಾಕಿ. ಮೊದಲು ಡೇಟಾಬೇಸ್ ತಡೆಯೋದೆಷ್ಟು ನೋಡಿ, ಅದನ್ನ *ಗರಿಷ್ಠ* ಕಂಟೇನರ್ ಸಂಖ್ಯೆಯಿಂದ ಭಾಗಿಸಿ. ಈಗಿನ ಸಂಖ್ಯೆಯಿಂದ ಅಲ್ಲ. ಥ್ರೆಡ್‌ಗೆ ಒಂದು ಸುಲಭ ಸೂತ್ರ ಇದೆ: ಸೆಕೆಂಡಿಗೆ 50 ರಿಕ್ವೆಸ್ಟ್, ಒಂದಕ್ಕೆ 0.2 ಸೆಕೆಂಡ್ ಅಂದ್ರೆ, ಒಂದು ಹೊತ್ತಲ್ಲಿ ಸರಾಸರಿ 10 ಥ್ರೆಡ್ ಕೆಲಸದಲ್ಲಿರ್ತವೆ. ಅದರ ಮೇಲೆ ಸ್ವಲ್ಪ ಕೈ ಮಿಗಿಸಿ ಇಡಿ. ಕಂಟೇನರ್ ತುಂಬಾ ಆದ್ರೆ ನಡುವೆ ಪಿಜಿಬೌನ್ಸರ್ ಥರದ್ದು ಕೂರಿಸಿ.

ಇಷ್ಟೆಲ್ಲ ಯಾಕಂದ್ರೆ, ಆ ಚಕ್ರ ಸುತ್ತೋದನ್ನ ನೋಡ್ತಾ ಕೂತಿರೋದು ಫಲಿತಾಂಶಕ್ಕೆ ಉಸಿರು ಬಿಗಿಹಿಡಿದಿರೋ ಒಬ್ಬ ಹುಡುಗಿ. ನಿಮ್ಮ ಟೀಮಲ್ಲಿ ಗರಿಷ್ಠ ಕಂಟೇನರ್ ಎಷ್ಟು ಅಂತ ನಾಳೆ ಒಮ್ಮೆ ಕೇಳಿ ನೋಡಿ. ಮತ್ತೆ ಸಿಗೋಣ.