ರಜೆ ಬೇರೆ, ಸೂಟಿ ಬೇರೆ



ಬೆಳಗಾವಿಯ ಶಹಾಪುರದಲ್ಲಿ ಬೆಳೆದ ನನಗೆ ಬಿಡುವಿನ ದಿನಕ್ಕೆ ಚಿಕ್ಕಂದಿನಿಂದಲೂ ಎರಡು ಮಾತು ಗೊತ್ತಿದ್ದವು. ನೌಕರಿಯಲ್ಲಿದ್ದ ಪಕ್ಕದ ಮನೆಯ ಕಾಕಾ 'ಎರಡು ದಿನ ರಜೆ ಹಾಕೇನಿ' ಅನ್ನುತ್ತಿದ್ದರು. ನಮ್ಮ ಮಗ್ಗದ ಮನೆಯಲ್ಲಿ 'ಇವತ್ತ ಸೂಟಿ' ಅನ್ನುತ್ತಿದ್ದರು. ಎರಡೂ ಒಂದೇ ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ತಿಳಿಯಿತು: ರಜೆ ಅರಬ್ಬಿ ಮೂಲದ ಶಬ್ದ, ಒಪ್ಪಿಗೆ ಎಂದು ಅದರ ಅರ್ಥ. ಸೂಟಿ ಮರಾಠಿಯಿಂದ ಬಂದದ್ದು, ಬಿಡುಗಡೆ ಎಂದು ಅರ್ಥ. ರಜೆಗೆ ಒಬ್ಬರ ಅಪ್ಪಣೆ ಬೇಕು, ಆದರೆ ಪಗಾರ ನಿಲ್ಲುವುದಿಲ್ಲ. ಸೂಟಿಗೆ ಯಾರನ್ನೂ ಕೇಳಬೇಕಿಲ್ಲ, ಆದರೆ ಮಗ್ಗ ನಿಂತಿತೆಂದರೆ ಮಜೂರಿಯೂ ನಿಂತಿತು.

ಸೂಟಿಯ ಚರಿತ್ರೆ ಕಾಯ್ದೆಗಿಂತ ಬಹಳ ಹಳೆಯದು. ನಮ್ಮ ಕಡೆಯ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಮನುಷ್ಯನಿಗೆ ವಾರದ ಬಿಡುವನ್ನು ಬರೆದುಕೊಡುವ ಮೊದಲೇ ಎತ್ತಿಗೆ ಅದು ಸಿಕ್ಕಿತ್ತು. ನೇಕಾರರ ಊರುಗಳಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ರೂಢಿಯಿದೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಆಷಾಢದಲ್ಲಿ ವಡಗಾವಿಯ ಮಂಗಾಯಿ ಜಾತ್ರೆ, ಆಗಲೂ ಸೂಟಿ. ಇನ್ನೊಂದು ಮಾತು ಹೊರಗಿನವರಿಗೆ ಅಚ್ಚರಿ ಅನ್ನಿಸಬಹುದು. ಬೆಳಗಾವಿ ಪೇಟೆಯವರು ಹೋಳಿಯ ಬಣ್ಣ ಆಡಿ ಮುಗಿಸಿದ ಮೇಲೆ, ರಂಗಪಂಚಮಿಯ ದಿನ ಶಹಾಪುರ ಬಣ್ಣ ಆಡುತ್ತದೆ. ಹಿಂದೆ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬೆಳಗಾವಿ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ. ಸಂಸ್ಥಾನ ಹೋಯಿತು, ಅದರ ಹಬ್ಬದ ದಿನ ಉಳಿಯಿತು.

ರಜೆ ಹುಟ್ಟಿದ್ದು ಗಿರಣಿಯಲ್ಲಿ. 1881ರಲ್ಲಿ ಈ ದೇಶದಲ್ಲಿ ಎರಡು ಕಾಯ್ದೆ ಬಂದವು. ಒಂದು ಹುಂಡಿ, ಚೆಕ್ಕುಗಳ ಕಾಯ್ದೆ. ಬ್ಯಾಂಕುಗಳಿಗೆ 'ಸಾರ್ವಜನಿಕ ರಜಾದಿನ' ಘೋಷಿಸುವುದು ಇಂದಿಗೂ ಅದರ 25ನೇ ಕಲಮಿನ ಪ್ರಕಾರವೇ. ಇನ್ನೊಂದು ಮೊದಲ ಕಾರ್ಖಾನೆ ಕಾಯ್ದೆ. ಅದು 7 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು ಎಂದಿತು. 7ರಿಂದ 12ರ ಮಕ್ಕಳಿಗೆ ದಿನಕ್ಕೆ 9 ತಾಸು ದುಡಿಮೆ, ತಿಂಗಳಿಗೆ 4 ದಿನ ಬಿಡುವು ಎಂದಿತು. ದೊಡ್ಡವರ ದುಡಿಮೆಯ ತಾಸು, ಬಿಡುವಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಅವರು ಹೊತ್ತು ಹುಟ್ಟುವಾಗ ಒಳಗೆ ಹೋಗಿ ಹೊತ್ತು ಮುಳುಗಿದ ಮೇಲೆ ಹೊರಗೆ ಬರುತ್ತಿದ್ದರು.

ಆ ದೊಡ್ಡವರ ಪರವಾಗಿ ಎದ್ದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. ಅವರ ಬೇಡಿಕೆಗಳನ್ನು ಈಗ ಓದಿದರೆ ಗಂಟಲು ಕಟ್ಟುತ್ತದೆ: ರವಿವಾರ ಬಿಡುವು ಕೊಡಿ, ಮಧ್ಯಾಹ್ನ ಅರ್ಧ ತಾಸು ಊಟಕ್ಕೆ ಬಿಡಿ, ತಿಂಗಳ ಪಗಾರವನ್ನು ಮುಂದಿನ ತಿಂಗಳ 15ರೊಳಗೆ ಕೊಡಿ. ಇಷ್ಟೇ. ಇವುಗಳಲ್ಲಿ ಮೊದಲನೆಯದಕ್ಕೇ ಆರು ವರ್ಷ ಹಿಡಿಯಿತು. 1890ರ ಏಪ್ರಿಲಿನಲ್ಲಿ ಸುಮಾರು 10,000 ಕಾರ್ಮಿಕರ ಸಭೆ ಸೇರಿತು. ಗಿರಣಿಯ ಇಬ್ಬರು ಹೆಣ್ಣುಮಕ್ಕಳೂ ಎದ್ದು ಮಾತಾಡಿದರು. ಜೂನ್ 10ರಂದು ಮಾಲಕರು ರವಿವಾರದ ಬಿಡುವಿಗೆ ಒಪ್ಪಿದರು. ಮರುವರ್ಷದ ಕಾಯ್ದೆ ಅದನ್ನು ತನ್ನ ವ್ಯಾಪ್ತಿಯ ಕಾರ್ಖಾನೆಗಳಿಗೆಲ್ಲ ಹಬ್ಬಿಸಿತು. ರವಿವಾರದ ಬಿಡುವು ಸಾಹೇಬರು ಇಗರ್ಜಿಗೆ ಹೋಗಲು ಮಾಡಿಕೊಂಡದ್ದು ಎಂದು ಹೇಳುವವರಿದ್ದಾರೆ. ಆದರೆ ದಖ್ಖನಿನ ದುಡಿಯುವ ಜನಕ್ಕೆ ರವಿವಾರ ಖಂಡೋಬನ ವಾರ, ನಮ್ಮ ಮೈಲಾರಲಿಂಗನ ವಾರ. ಅದನ್ನು ಕೇಳಿ ಪಡೆದವರು ಅವರೇ.

ನಮ್ಮ ಜಿಲ್ಲೆಯಲ್ಲೂ ಆಗ ಒಂದು ದೊಡ್ಡ ಗಿರಣಿಯಿತ್ತು. ಘಟಪ್ರಭೆಯ ಧುಮುಕುವ ನೀರನ್ನು ನಂಬಿ ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಸ್ಥಾಪನೆಯಾದದ್ದು. ಅದು ಬ್ರಿಟಿಷ್ ನೆಲ, ಹಾಗಾಗಿ 1891ರ ಕಾಯ್ದೆ ಅಲ್ಲಿಗೂ ಬಂತು. ಶಹಾಪುರ ಸಂಸ್ಥಾನದ ನೆಲ, ಕೈಮಗ್ಗಗಳೋ ಮನೆಯೊಳಗೆ. ಕಾಯ್ದೆ ಇಲ್ಲಿಗೆ ಬರಲು ಎರಡು ಗಡಿ ದಾಟಬೇಕಿತ್ತು. ಒಂದು ಸಾಂಗಲಿಯ ಗಡಿ, ಇನ್ನೊಂದು ಮನೆಯ ಹೊಸ್ತಿಲು.

ಮೊದಲನೆಯದು 1948ರ ಮಾರ್ಚಿನಲ್ಲಿ ಅಳಿಸಿಹೋಯಿತು, ಸಾಂಗಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಸ್ವತಂತ್ರ ಭಾರತದ ಕಾರ್ಖಾನೆ ಕಾಯ್ದೆಯೂ ಬಂತು. ಬಿಡುವಿನ ಜೊತೆ ಪಗಾರವನ್ನೂ ಕೊಡಬೇಕೆಂಬ ನಿಯಮ ಅದಕ್ಕೂ ಮೂರು ವರ್ಷ ಮೊದಲು, ಡಾ. ಅಂಬೇಡ್ಕರ್ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, ವರ್ಷಕ್ಕೆ 10 ದಿನದಂತೆ ಬಂದಿತ್ತು. 1948ರ ಕಾಯ್ದೆ ಅದಕ್ಕೊಂದು ಲೆಕ್ಕ ಕೊಟ್ಟಿತು: ದುಡಿದ ಪ್ರತಿ 20 ದಿನಕ್ಕೆ 1 ದಿನ ಪಗಾರಸಹಿತ ರಜೆ. ವರ್ಷದಲ್ಲಿ 240 ದಿನ ದುಡಿದಿರಬೇಕು ಎಂಬ ಷರತ್ತು 1954ರ ತಿದ್ದುಪಡಿಯಲ್ಲಿ ಸೇರಿತು. ಅಂದರೆ 240ಕ್ಕೆ 12. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಹಬ್ಬದ ರಜೆಯನ್ನು ಕೇಂದ್ರ ಸರಕಾರ ರಾಜ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯದ ಕಾಯ್ದೆ 1963ರದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವುಗಳ ಜೊತೆಗೆ ಇನ್ನೂ 5 ಹಬ್ಬದ ದಿನ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಪಗಾರ, ಇಲ್ಲವೇ ಪಗಾರದ ಜೊತೆ ಬದಲಿ ರಜೆ. ಆ 5 ಹಬ್ಬ ಯಾವುವು ಎಂಬುದನ್ನು ಮಾಲಕರೂ ಕಾರ್ಮಿಕರೂ ಕೂಡಿ ಮಾತಾಡಿ ಆರಿಸಬಹುದು. ಹಾಗಾಗಿ ಶಹಾಪುರದ ಒಂದು ಕಾರ್ಖಾನೆಯ ಕಾರ್ಮಿಕರು ರಂಗಪಂಚಮಿಯನ್ನೂ ಕೇಳಿ ನೋಡಬಹುದು. ಇದನ್ನು ಬರೆದವರು ಊರೂರಿನ ಜಾತ್ರೆ ಬಲ್ಲವರಿರಬೇಕು ಎಂದು ನನಗೆ ಅನ್ನಿಸುತ್ತದೆ.

ಎರಡನೆಯ ಗಡಿ, ಮನೆಯ ಹೊಸ್ತಿಲು, ಹಾಗೇ ಉಳಿಯಿತು. ಕಾರ್ಖಾನೆ ಕಾಯ್ದೆ ತಲೆ ಎಣಿಸುತ್ತಿತ್ತು. ವಿದ್ಯುತ್ತಿನಿಂದ ನಡೆಯುವ ಕಡೆ 10 ಜನ ಬೇಕಿತ್ತು. ಶಹಾಪುರ, ವಡಗಾವಿ, ಖಾಸಬಾಗಿನ ಓಣಿಗಳಲ್ಲಿ ಹೊರಜಗುಲಿ ದಾಟಿದರೆ ಎರಡೋ ನಾಲ್ಕೋ ಪವರ್‌ಲೂಮ್. ಅಪ್ಪ ಮಗ್ಗದ ಮುಂದೆ, ಅವ್ವ ಕಂಡಿಕೆ ಸುತ್ತುತ್ತಾಳೆ. ನೂಲು ಮಾಲಕರದು, ಸೀರೆ ಹೋಗುವುದು ಮಾಲಕರಿಗೆ, ಮಜೂರಿ ಸೀರೆಯ ಲೆಕ್ಕದಲ್ಲಿ. ಕರೆಂಟು ಹೋದರೆ ಸೂಟಿ, ನೂಲು ಬಾರದಿದ್ದರೆ ಸೂಟಿ, ಜ್ವರ ಬಂದರೆ ಸೂಟಿ. ಬಾಣಂತನದ ರಜೆ ದೇಶದಲ್ಲಿ 2017ರಿಂದ 26 ವಾರ. ನಮ್ಮ ಅವ್ವ ಕೂಸನ್ನು ತೊಟ್ಟಿಲಿಗೆ ಹಾಕಿ ಒಂದು ಕೈಯಲ್ಲಿ ಹಗ್ಗ ಜಗ್ಗುತ್ತ ಇನ್ನೊಂದು ಕೈಯಲ್ಲಿ ಕಂಡಿಕೆ ಸುತ್ತಿದ್ದನ್ನು ನಾನು ನೋಡಿದ್ದೇನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಊರೇ ಸೂಟಿಯಾಯಿತು. ಅಷ್ಟು ಉದ್ದದ ಸೂಟಿಯನ್ನು ನಮ್ಮ ಓಣಿ ಹಿಂದೆಂದೂ ಕಂಡಿರಲಿಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ 240 ದಿನದ ಷರತ್ತು 180ಕ್ಕೆ ಇಳಿದಿದೆ. ಏಳೆಂಟು ತಿಂಗಳು ದುಡಿದು ಬೇರೆ ಕಡೆ ಹೋಗುವವರಿಗೆ ಇದು ನಿಜವಾದ ಲಾಭ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅಲ್ಲಿಯೂ ಎಣಿಕೆ 10 ತಲೆಗಳಿಂದಲೇ ಶುರು.

ತಲೆ ಎಣಿಸದ ಕಾಯ್ದೆಯೂ ಉಂಟು. ಮತದಾನದ ದಿನದ ರಜೆಯನ್ನು ನೋಡಿ. 1996ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ಸೇರಿದ ಕಲಮು ಅದನ್ನು ದಿನಗೂಲಿಯವರಿಗೂ ಪಗಾರಸಹಿತ ಕೊಡುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯ ನಿಪ್ಪಾಣಿಯದು. ಅದು ತಂಬಾಕಿನ ಊರು, ಬೀಡಿಯ ಊರು. ಮಾಲಕರು ಎಲೆ, ತಂಬಾಕು ಕೊಡುತ್ತಾರೆ, ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಾರೆ, ಸಾವಿರಕ್ಕೆ ಇಷ್ಟು ಎಂದು ಮಜೂರಿ. ಮಗ್ಗದ ಮನೆಯ ವ್ಯವಹಾರವೇ ಇದು. ಆದರೆ ಹೊಸ ಸಂಹಿತೆ ಬರುವವರೆಗೂ ಜಾರಿಯಲ್ಲಿದ್ದ 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆಯಿತು, ದುಡಿದ 20 ದಿನಕ್ಕೆ 1 ದಿನ ಪಗಾರಸಹಿತ ರಜೆ ಕೊಟ್ಟಿತು. ದಿನದ ಪಗಾರವೇ ಇಲ್ಲದವರಿಗೆ ರಜೆಯ ಪಗಾರ ಎಷ್ಟು? ರಜೆಯ ಹಿಂದಿನ ತಿಂಗಳು ಗಳಿಸಿದ್ದರ ಸರಾಸರಿ. ಮಂಗಳೂರಿನ ಬೀಡಿ ಕಂಪನಿಯೊಂದು ಈ ಕಾಯ್ದೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 1974ರಲ್ಲಿ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು.

ನಮ್ಮ ಮನೆಯ ಗೂಡಿನಲ್ಲಿ ಅಪ್ಪನ ಹಿಸೇಬಿನ ವಹಿ ಈಗಲೂ ಇದೆ, ಕೆಂಪು ಬಟ್ಟೆಯ ರಟ್ಟಿನದು. ಯಾವ ತಾರೀಖಿಗೆ ಎಷ್ಟು ನೂಲು ಬಂತು, ಯಾವ ತಾರೀಖಿಗೆ ಎಷ್ಟು ಸೀರೆ ಹೋಯಿತು, ಎಷ್ಟು ಮಜೂರಿ ಕೈಗೆ ಬಂತು, ಎಲ್ಲ ಬರೆದಿದೆ. ಸೂಟಿಯ ದಿನಗಳಲ್ಲಿ ಏನೂ ಬರೆದಿಲ್ಲ, ತಾರೀಖಿನ ಮುಂದೆ ಸಣ್ಣದೊಂದು ಅಡ್ಡಗೆರೆ ಅಷ್ಟೇ. ಇಪ್ಪತ್ತು ದಿನಕ್ಕೊಂದರಂತೆ ಆ ಗೆರೆಗಳ ಮುಂದೆ ಒಂದು ಅಂಕಿ ಬರೆಯಲು ಬೇಕಾದ ಲೆಕ್ಕವೆಲ್ಲ ಅದೇ ಪುಟದಲ್ಲಿದೆ.