ಎಸಿ ಗ್ಯಾಸಿಗೂ ಒಂದು ತೂಬು

ಬೇಸಿಗೆಯಲ್ಲಿ ಯಾದಗಿರಿ, ಶಹಾಪುರ, ಸುರಪುರದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಮನೆ ಬದಲಿಸುವವರೂ ಆಗಲೇ ಹೆಚ್ಚು. ಗೋಡೆಯ ಎಸಿ ಬಿಚ್ಚಲು ಮೆಕ್ಯಾನಿಕ್ ಬರುತ್ತಾರೆ. ಪೈಪ್ ಕಳಚಿದ ಕೂಡಲೇ ಒಳಗಿನ ಗ್ಯಾಸೆಲ್ಲ ಬುಸ್ಸೆಂದು ಹೋಗಬೇಕಲ್ಲವೇ? ಹೋಗುವುದಿಲ್ಲ! ಮಾಳಿಗೆ ಮೇಲಿನ ಔಟ್‌ಡೋರ್ ಪೆಟ್ಟಿಗೆಯ ಪಕ್ಕಕ್ಕೆ ಕಣ್ಣು ಹಾಯಿಸಿ. ಒಂದು ಸಣ್ಣ, ಒಂದು ದಪ್ಪ ತಾಮ್ರದ ಕೊಳವೆ ಸೇರುವಲ್ಲಿ ಟೋಪಿ ಹಾಕಿದ ಎರಡು ಹಿತ್ತಾಳೆ ತುಂಡುಗಳಿವೆ. ಅವೇ ಸರ್ವಿಸ್ ವಾಲ್ವ್.

ಎಸಿ ತಂಪನ್ನು ತಯಾರಿಸುವುದಿಲ್ಲ, ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರುವುದು ಗ್ಯಾಸಿನ ಕೆಲಸ. ಈಗಿನ ಅನೇಕ ಎಸಿಗಳಲ್ಲಿರುವ ಆರ್-32 ಬಯಲಿನಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೇ ಕುದಿಯುತ್ತದೆ. ಒತ್ತಿ ದ್ರವವಾಗಿಸಿದ ಅದು ಸಣ್ಣ ಕೊಳವೆಯಲ್ಲಿ ಕೋಣೆಗೆ ಹೋಗಿ, ಅಲ್ಲಿ ಆವಿಯಾಗುತ್ತ ಬಿಸಿ ಹೀರಿ, ದಪ್ಪ ಕೊಳವೆಯಲ್ಲಿ ವಾಪಸ್ ಬರುತ್ತದೆ. ಔಟ್‌ಡೋರ್ ಪೆಟ್ಟಿಗೆಯ ಕಂಪ್ರೆಸರ್ ಅದನ್ನು ಅದುಮಿ ಇನ್ನೂ ಬಿಸಿ ಮಾಡುತ್ತದೆ. ಯಾಕೆ ಗೊತ್ತೇ? ಬಿಸಿ ತಾನಾಗಿ ಹರಿಯುವುದು ಹೆಚ್ಚಿದ್ದಲ್ಲಿಂದ ಕಡಿಮೆಯಿದ್ದಲ್ಲಿಗೆ ಮಾತ್ರ. ಯಾದಗಿರಿಯ 42 ಡಿಗ್ರಿ ಗಾಳಿಗೆ ಬಿಸಿ ಬಿಟ್ಟುಕೊಡಬೇಕಾದರೆ ಗ್ಯಾಸ್ ಅದಕ್ಕಿಂತಲೂ ಬಿಸಿಯಾಗಿರಬೇಕು.

ಹೀಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ, ಖರ್ಚಾಗುವುದಿಲ್ಲ. "ಗ್ಯಾಸ್ ಖಾಲಿ ಆಗ್ಯಾದ, ವರ್ಷಾ ತುಂಬಿಸ್ಬೇಕ್ರಿ" ಎಂದು ಯಾರಾದರೂ ಅಂದರೆ, "ಎಲ್ಲಿ ಸೋರ್ಲಾಕತ್ತದ ತೋರಸ್ರಿ ಕಾಕಾ" ಎಂದು ಕೇಳಿ. ಸೋರುವ ಜಾಗಕ್ಕೆ ಸಾಬೂನು ನೀರು ಸವರಿದರೆ ಗುಳ್ಳೆ ಏಳುತ್ತವೆ.

ಈಗ ಮೆಕ್ಯಾನಿಕ್ ಕೈಚಳಕ ನೋಡಿ. ಅವರು ಇದಕ್ಕೆ 'ಗ್ಯಾಸ್ ಲಾಕ್' ಅನ್ನುತ್ತಾರೆ. ನಾರಾಯಣಪುರದ ಬಸವಸಾಗರದಿಂದ ನಿಮ್ಮ ಹೊಲಗಳ ಕಡೆ ಬರುವ ಕಾಲುವೆಯನ್ನು ನೆನಪಿಸಿಕೊಳ್ಳಿ. ಮೇಲಿನ ತೂಬು ಮುಚ್ಚಿ, ಕೆಳಗೆ ಪಂಪ್ ಹಚ್ಚಿ ನೀರೆತ್ತುತ್ತಲೇ ಇದ್ದರೆ ನಡುವಿನ ಕಾಲುವೆ ಬತ್ತುತ್ತದೆ. ಇಲ್ಲೂ ಅಷ್ಟೇ. ಎಸಿ ಓಡುತ್ತಿರುವಾಗಲೇ ಅಲೆನ್ ಕೀಯಿಂದ ಸಣ್ಣ ಕೊಳವೆಯ ವಾಲ್ವ್ ಮುಚ್ಚುತ್ತಾರೆ. ಕೋಣೆಗೆ ಹೊಸ ದ್ರವ ಹೋಗದು, ಅಲ್ಲಿದ್ದ ಗ್ಯಾಸನ್ನು ಕಂಪ್ರೆಸರ್ ಎಳೆದೆಳೆದು ಔಟ್‌ಡೋರ್ ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತದೆ. ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆ ಹತ್ತಿರ ಇಳಿದಾಗ ದಪ್ಪ ಕೊಳವೆಯ ವಾಲ್ವನ್ನೂ ಮುಚ್ಚಿ, ತಕ್ಷಣ ಎಸಿ ಬಂದ್ ಮಾಡುತ್ತಾರೆ. ತಡಮಾಡಿದರೆ ಹೊರಗಿನ ಗಾಳಿ ಒಳಗೆ ಸೇರಬಹುದು. ಆ ಗಾಳಿ ಮತ್ತು ಕಂಪ್ರೆಸರ್ ಒಳಗಿನ ಎಣ್ಣೆ ಒಟ್ಟಿಗೆ ಅದುಮಿಸಿಕೊಂಡರೆ ಕಂಪ್ರೆಸರ್ ಸಿಡಿಯುವ ಅಪಾಯವೂ ಉಂಟು. ಹೊಸ ಮನೆಯಲ್ಲಿ ಕೊಳವೆಯೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೊರಗೆಳೆದ ಮೇಲೇ ವಾಲ್ವ್ ತೆರೆಯುವುದು.

ಗೇಜ್ ಸಿಕ್ಕಿಸುವುದು ದಪ್ಪ ಕೊಳವೆಯ ವಾಲ್ವಿನ ಬದಿಯ ಸಣ್ಣ ಮೂತಿಗೆ. ಅದರೊಳಗೆ ಒತ್ತಿದರೆ ತೆರೆಯುವ ಪಿನ್ ಇದೆ. ಮೋಟಾರ್ ಸೈಕಲ್ ಟ್ಯೂಬಿನ ವಾಲ್ವಿನಲ್ಲಿರುವುದೂ ಇದೇ ಜಾತಿಯ ಪಿನ್. ಹೆಸರು ಶ್ರೇಡರ್, 1890ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಹಾಗಂತ ಟೈರ್ ಗಾಳಿ ಬಿಟ್ಟಂತೆ ಇದನ್ನು ಒತ್ತಿ ನೋಡಬೇಡಿ! ಬಿಸಿಲಲ್ಲಿ ಸುಮ್ಮನೆ ನಿಂತ ಎಸಿಯೊಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಸುಮಾರು ಹತ್ತು ಪಟ್ಟು. ಚಿಮ್ಮಿದ ಗ್ಯಾಸ್ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಿಡಿ ಸಿಕ್ಕರೆ ಆರ್-32 ಉರಿಯಲೂಬಹುದು.

ಅಡುಗೆಮನೆಯ ಫ್ರಿಜ್‌ನಲ್ಲಿ ಇಂಥ ವಾಲ್ವ್ ಹುಡುಕಬೇಡಿ. ಕಾರ್ಖಾನೆಯಲ್ಲೇ ಗ್ಯಾಸ್ ತುಂಬಿ ಕೊಳವೆಯ ಬಾಯಿ ಬೆಸೆದುಬಿಟ್ಟಿರುತ್ತಾರೆ. ಅದರ ಒಳಗು ಹೊರಗು ಎರಡೂ ಒಂದೇ ಪೆಟ್ಟಿಗೆಯಲ್ಲಿವೆ, ಬಿಚ್ಚುವ ಮಾತೇ ಇಲ್ಲ. ಅದು ಇಡಿಯಾಗಿ ಟಂಟಂ ಹತ್ತಿ ಹೊಸ ಮನೆಗೆ ಹೋಗುತ್ತದೆ.