ಮಾತಾಡುವ ಮಂಚ, ಅಳುವ ಬಾಗಿಲು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ಇವತ್ತು ಮಾತಾಡೋದು ದೇವನೂರ ಮಹಾದೇವ ಅವರ 'ಕುಸುಮಬಾಲೆ' ಬಗ್ಗೆ. ಎರಡು ತಿಂಗಳ ಹಿಂದ ಈ ಪುಸ್ತಕ ತಂದು ಸಂಘದ ಕಪಾಟಿನೊಳಗ ಇಡೋಕೆ ಹೋದಾಗ ನಮ್ಮ ಹುಡುಗರೊಳಗೇ ಒಬ್ಬ ನಾಲ್ಕು ಪುಟ ತಿರುವಿ ನೋಡಿ ಕೇಳಿದ: "ಇದರಾಗ ಮಂಚ ಮಾತಾಡ್ತದ, ದೀಪ ಮಾತಾಡ್ತಾವ. ನಾವು ಊರೂರಿಗಿ ಹೋಗಿ ಭಾನಾಮತಿ ಸುಳ್ಳು, ದೆವ್ವ ಸುಳ್ಳು ಅಂತ ಹೇಳೋ ಮಂದಿ. ಬಾಬಾಸಾಹೇಬರ ಪುಸ್ತಕದ ಬಾಜೂಕ ಇದನ್ನ ಯಾಕ ಇಡ್ತಿ?" ಅವತ್ತು ನನಗ ಉತ್ತರ ಹೊಳೀಲಿಲ್ಲ. ಅವನು ಇವತ್ತು ಮುಂದಿನ ಸಾಲಿನ್ಯಾಗೇ ಕುಂತಾನ, ಅದಕ್ಕ ಈಗ ಹೇಳ್ತೀನಿ.

ದೇವನೂರರು 1948ರಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದವರು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು. ಬರೆದದ್ದು ಬಹಳ ಕಡಿಮೆ: 1973ರಲ್ಲಿ 'ದ್ಯಾವನೂರು' ಕಥೆಗಳು, ಆಮೇಲೆ 'ಒಡಲಾಳ', ಆಮೇಲೆ 'ಕುಸುಮಬಾಲೆ'. ಮೂರನ್ನೂ ಒಂದರ ಮ್ಯಾಲೊಂದು ಇಟ್ಟರೂ ನಮ್ಮ ಬಿ.ಎ. ಗೈಡಿನಷ್ಟು ದಪ್ಪ ಆಗಲಿಕ್ಕಿಲ್ಲ. 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ನೃಪತುಂಗ ಪ್ರಶಸ್ತಿ ಕೊಟ್ಟಾಗ, ಮಕ್ಕಳಿಗೆ ಕನ್ನಡದಾಗ ಶಿಕ್ಷಣ ಸಿಗೋ ಹಂಗ ಮೊದಲು ಮಾಡ್ರಿ ಅಂತ ಅದನ್ನ ಬ್ಯಾಡ ಅಂದರು. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಸಾಲಿಯೊಳಗ ಕಲಿತು ಬಂದ ನನಗ ಈ ಸುದ್ದಿ ಓದಿ ಎದಿ ಉಬ್ಬಿತ್ತು.

ಭಾಷೆಯ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಈ ಪುಸ್ತಕ ಕನ್ನಡದಾಗ ಅದ, ಆದರ ಮೊದಲ ಹತ್ತು ಪುಟ ನನಗ ಏನೂ ತಿಳೀಲಿಲ್ಲ. ಅದು ನಂಜನಗೂಡಿನ ಕಡೆಯ ಹೊಲಗೇರಿಯ ಮಾತು. ನಮ್ಮ ಕನ್ನಡ ಕೇಳಿ ಸೋಲಾಪುರದಾಗ 'ಇವರು ಕಾನಡಿ' ಅಂತಾರ, ಬೆಂಗಳೂರಿಗೆ ಹೋದ್ರ 'ಇದು ಮರಾಠಿನಾ?' ಅಂತಾರ. ಸಾಲಿಯೊಳಗ ನಾನು 'ಅದಾವ' ಅಂತ ಬರೆದಾಗಲೆಲ್ಲ ಕೆಂಪು ಗೆರಿ ಬೀಳ್ತಿತ್ತು. ಇವರು ನೋಡಿದ್ರ ತಮ್ಮ ಕೇರಿಯ ಮಾತಿನ್ಯಾಗ ಇಡೀ ಕಾದಂಬರಿ ಬರೆದು ದಿಲ್ಲಿಯ ಪ್ರಶಸ್ತಿ ತಗೊಂಡಾರ. ಓದೋಕೆ ಕಷ್ಟ ಅಂತ ಎಲ್. ಬಸವರಾಜು ಅವರು ಅದನ್ನ ಪದ್ಯದ ಸಾಲಿನ ಹಂಗ ಒಡೆದು ಜೋಡಿಸಿ ಕೊಟ್ಟಾರ. ನಾನು ಕಂಡುಕೊಂಡ ಉಪಾಯ ಇನ್ನೂ ಸರಳ: ಬಾಯಿ ಬಿಟ್ಟು ಜೋರಾಗಿ ಓದಬೇಕು. ಕಣ್ಣಿಗೆ ತಿಳೀದದ್ದು ಕಿವಿಗೆ ತಿಳೀತದ.

ಕಥಿ ಅಂದ್ರ ಚನ್ನ ಅಂತ ನಮ್ಮಂಥ ಓದಿದ ಒಬ್ಬ ಹುಡುಗ. ಕುಸುಮ ಅಂತ ಮೇಲ್ಜಾತಿಯ ದೊಡ್ಡ ಮನಿ ಹೆಣ್ಣು. ಇಬ್ಬರ ನಡುವ ಪ್ರೀತಿ ಆಗ್ತದ. ಚನ್ನನ ಕೊಲೆ ಆಗ್ತದ. ನೀವೆಲ್ಲ 2016ರಲ್ಲಿ 'ಸೈರಾಟ್' ನೋಡೀರಿ. ನಮ್ಮದೇ ಜಿಲ್ಲೆಯ ಜೇವೂರಿನ ನಾಗರಾಜ ಮಂಜುಳೆ ಮಾಡಿದ ಸಿನಿಮಾ. ಕೊನಿಗೆ ಆ ಕೂಸಿನ ಹೆಜ್ಜಿ ಗುರುತು ನೋಡಿ ಥಿಯೇಟರಿನ್ಯಾಗ ಯಾರೂ ಉಸುರು ಬಿಟ್ಟಿರಲಿಲ್ಲ. ಅಲ್ಲಿ ಕಂಡದ್ದು ಒಂದು ಕೂಸು, ಮಾತು ಬಾರದ ಕೂಸು. 'ಕುಸುಮಬಾಲೆ'ಯೊಳಗ ಕಂಡದ್ದು ಒಂದು ಮಂಚ.

ಇಲ್ಲೇ ನಮ್ಮ ಹುಡುಗನ ಪ್ರಶ್ನೆ ಬರ್ತದ. ಊರು ಮಲಗಿದ ಮ್ಯಾಲೆ ಮನಿಮನಿಯ ದೀಪದ ಜೀವಗಳು ಒಂದು ಕಡೆ ಕೂಡಿ ಮಾತಾಡ್ತಾವ. ಜೋತಮ್ಮ ಅಂತ ಅವಕ್ಕ ಹೆಸರು. ಮಂಚ ತಾನು ಕಂಡದ್ದನ್ನ ಬಾಯಿ ಬಿಟ್ಟು ಹೇಳ್ತದ. ಇದು ಲೇಖಕರು ತಲಿಯಿಂದ ಹುಟ್ಟಿಸಿದ್ದಷ್ಟೇ ಅಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಳಗೂ ರಾತ್ರಿ ಆರಿಸಿದ ದೀಪಗಳು ಹನುಮಪ್ಪನ ಗುಡಿಯೊಳಗ ಕೂಡಿ ಹರಟಿ ಹೊಡೀತಾವ. ಒಬ್ಬ ಹೆಣ್ಣುಮಗಳಿಗೆ ಒಂದು ಕಥಿ, ಒಂದು ಹಾಡು ಗೊತ್ತಿರ್ತದ. ಆಕಿ ಯಾರಿಗೂ ಹೇಳಂಗಿಲ್ಲ. ಒಳಗೇ ಕುಂತು ಬ್ಯಾಸತ್ತ ಕಥಿ ಹೊರಗ ಬಂದು ಜೋಡು ಆಗ್ತದ, ಹಾಡು ಗಂಡಸಿನ ಕೋಟು ಆಗ್ತದ. ಅವನ್ನ ನೋಡಿ ಗಂಡ ಸಂಶಯ ಪಟ್ಟು ಜಗಳ ತೆಗೀತಾನ. ಆ ಮನಿಯ ದೀಪ ತಡವಾಗಿ ಬಂದು ಉಳಿದ ದೀಪಗಳಿಗೆ ಇದನ್ನೆಲ್ಲ ಹೇಳ್ತದ. ದೇವನೂರರು ನಮ್ಮ ಹೆಣ್ಣುಮಕ್ಕಳ ಬಾಯಾಗ ಇದ್ದ ಇಂಥಾ ಕಥಿಯ ದಾರಿ ಹಿಡಿದು, ಅದರೊಳಗ ಒಂದು ಕೊಲೆಯನ್ನ ಇಟ್ಟರು.

ಯಾಕ ಇಟ್ಟರು? ಸ್ವಲ್ಪ ವಿಚಾರ ಮಾಡ್ರಿ. ಚನ್ನನ ಕೊಲೆಗೆ ಸಾಕ್ಷಿ ಹೇಳವ್ರು ಯಾರು? ದೊಡ್ಡ ಮನಿಯವರು ಹೇಳ್ತಾರೇನು? ಕೇರಿಯವರು ಹೇಳಿದ್ರ ಅವರು ಉಳೀತಾರೇನು? ಮನಷ್ಯಾರು ಬಾಯಿ ಮುಚ್ಚಿದ ಊರಾಗ ಬಾಯಿ ತೆರೀಲಿಕ್ಕೆ ಉಳಿದದ್ದು ಕಟ್ಟಿಗಿ ಮತ್ತು ದೀಪ. ಭಾನಾಮತಿ ಮಾಡೋ ಬುವಾ ಸುಳ್ಳು ಹೇಳಿ ರೊಕ್ಕ ಕಿತ್ತುಕೊಳ್ತಾನ. ಈ ಮಂಚ ನಮ್ಮ ಕಿಸೆಗೆ ಕೈ ಹಾಕಂಗಿಲ್ಲ, ಆದದ್ದನ್ನ ಹೇಳ್ತದ ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯೊಳಗ ಇಡಬ್ಯಾಡ ತಮ್ಮಾ.

ಆದರ ಇವನೊಬ್ಬನೇ ಹಂಗ ಕೇಳಿದವನಲ್ಲ. ಅವನಕಿಂತ ಮೊದಲ ನಾನು ಮಾಡಿದ ತಪ್ಪು ಒಂದದ.

ನಮ್ಮ ಆಯಿ, ಅಂದ್ರ ಅವ್ವನ ಅವ್ವ, ಸೋಲಾಪುರಕ್ಕ ಬಂದು ಬೀಡಿ ಕಟ್ಟಲಿಕ್ಕೆ ಕುಂಡ್ರೋಕೂ ಮೊದಲ ಅಕ್ಕಲಕೋಟದ ಕಡೆ ಒಂದು ಹಳ್ಳಿಯೊಳಗ ದೊಡ್ಡ ವಾಡೇದ ದನದ ಕೊಟಗಿ ಬಳಿಯೋ ಕೆಲಸ ಮಾಡ್ತಿದ್ದಳು. ಹಿತ್ತಲ ಬಾಗಿಲ ತನಕ ಬರಬಹುದಿತ್ತು, ಹೊಸ್ತಿಲ ದಾಟಂಗಿರಲಿಲ್ಲ. ನಾವು ಸಣ್ಣವರಿದ್ದಾಗ ಆಯಿ ಹೇಳ್ತಿದ್ದಳು: "ಆ ಹಿತ್ತಲ ಬಾಗ್ಲ ರಾತ್ರಿ ಅಳ್ತಿತ್ತು. ಗಾಳಿ ಇರಲಿಲ್ಲ ಅಂದ್ರೂ ಅಳ್ತಿತ್ತು." ನಾನು ಹನ್ನೊಂದನೇತ್ತಾ ಇದ್ದೆ, ಅಂಧಶ್ರದ್ಧೆಯ ಮ್ಯಾಲೆ ಭಾಷಣ ಮಾಡಿ ಬಹುಮಾನ ತಗೊಂಡಿದ್ದೆ. ಆ ಸೊಕ್ಕಿನ್ಯಾಗ ಎಲ್ಲರ ಮುಂದ ನಕ್ಕುಬಿಟ್ಟೆ. "ಕಟ್ಟಿಗಿ ಅಳಂಗಿಲ್ಲ ಆಯಿ, ಬಿಜಾಗರಿಗೆ ಎಣ್ಣಿ ಇರಲಿಲ್ಲ" ಅಂದೆ. ಎಲ್ಲರೂ ನಕ್ಕರು. ಆಯಿ ಮತ್ತ ಆ ಕಥಿ ಹೇಳಲಿಲ್ಲ.

'ಕುಸುಮಬಾಲೆ' ಓದಿ ಮುಗಿಸಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ಆ ಬಾಗಿಲು ಏನು ನೋಡಿತ್ತು ಅಂತ ನಾನು ಒಮ್ಮೆನೂ ಕೇಳಿರಲಿಲ್ಲ.

ಇದೇ ಹೊತ್ತಿನ್ಯಾಗ ಇಂಗ್ಲಿಷಿನ ಒಂದು ಪುಸ್ತಕ ಡಿಕ್ಷನರಿ ಬಾಜೂಕ ಇಟ್ಟುಕೊಂಡು ಓದಿದೆ. ಅಮೆರಿಕದ ಕಪ್ಪು ಜನಾಂಗದ ಲೇಖಕಿ ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ 'ಕಿಂಡ್ರೆಡ್'. ಆ ಜನರಿಗೂ ನಮಗೂ ಹಳೇ ನಂಟು ಅದ. ಬಾಬಾಸಾಹೇಬರು 1946ರಲ್ಲೇ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು, 1972ರ ದಲಿತ ಪ್ಯಾಂಥರ್ ಹೆಸರು ಬಂದದ್ದೂ ಅಲ್ಲಿಂದಲೇ. ಬಟ್ಲರ್ ಬರೆದದ್ದು ವೈಜ್ಞಾನಿಕ ಕಥೆ, ಕಲ್ಪನೆಯ ಕಥೆ. ಆಕೆಯ ತಂದೆ ಬೂಟ್ ಪಾಲಿಶ್ ಮಾಡವ್ರು, ತಾಯಿ ಬಿಳಿಯರ ಮನಿಯೊಳಗ ಕೆಲಸದಾಕಿ, ಹಿತ್ತಲ ಬಾಗಿಲಿಂದ ಒಳಗ ಹೋಗಬೇಕಾಗಿತ್ತು. ಕಾಲೇಜಿನ ದಿನಗಳೊಳಗ ಒಬ್ಬ ಕಪ್ಪು ಹುಡುಗ, ನಮ್ಮ ಹಿರಿಯರು ಯಾಕ ತಲಿ ತಗ್ಗಿಸಿ ಬದುಕಿದ್ರು ಅಂತ ಅವರ ಮ್ಯಾಲೇ ಸಿಟ್ಟು ಮಾಡೋದನ್ನ ಆಕೆ ಕೇಳಿದಳು. ಅದರಿಂದ ಈ ಕಾದಂಬರಿ ಹುಟ್ಟಿತು. 1976ರ ಕಾಲದ ಡೇನಾ ಅನ್ನೋ ಹೆಣ್ಣುಮಗಳು ಇದ್ದಕ್ಕಿದ್ದ ಹಂಗ ನೂರೈವತ್ತು ವರ್ಷಕ್ಕೂ ಹಿಂದಿನ ಗುಲಾಮಗಿರಿಯ ಕಾಲಕ್ಕ ಹೋಗಿ ಬೀಳ್ತಾಳ. ಯಂತ್ರ ಇಲ್ಲ, ಮಂತ್ರ ಇಲ್ಲ. ಹೆಂಗ ಹೋದಳು ಅಂತ ಲೇಖಕಿ ಹೇಳಂಗೇ ಇಲ್ಲ. ಓದಿದ, ಬರೆಯೋ ಹೆಣ್ಣು ಅಲ್ಲಿ ಚಾಟಿ ಏಟು ತಿಂದು, ಜೀವ ಉಳಿಸಿಕೊಳ್ಳಲಿಕ್ಕೆ ತಾನೂ ತಲಿ ತಗ್ಗಿಸೋದು ಕಲೀತಾಳ. ಕೊನಿಗೆ ತನ್ನ ಒಂದು ಕೈ ಅಲ್ಲೇ ಬಿಟ್ಟು ಬರ್ತಾಳ.

ಆ ಸಿಟ್ಟಿನ ಹುಡುಗನ ಜಾಗಾದಾಗ ನನಗ ನಾನೇ ಕಂಡೆ.

ದೀಪಾವಳಿ ರಜಾದಾಗ ಆಯಿ ಬಾಜೂಕ ಕುಂತು, ತೆಂಡು ಎಲಿ ಕತ್ತರಿಸಿ ಕೊಡ್ತಾ ಕೇಳಿದೆ, "ಆಯಿ, ಆ ಬಾಗ್ಲ ಯಾಕ ಅಳ್ತಿತ್ತು?" ಆಯಿ ಸೂಪಿನಿಂದ ತಲಿ ಎತ್ತಲಿಲ್ಲ. "ಅವತ್ತ ನೀ ನಕ್ಕಿದ್ದಿ" ಅಂದಳು. ಎರಡು ಕಟ್ಟು ಬೀಡಿ ಮುಗಿಯೋ ತನಕ ಮತ್ತ ಮಾತಿಲ್ಲ. ಆಮೇಲೆ ಹೇಳಿದಳು: ತನ್ನ ಜೋಡಿ ಕೊಟಗಿ ಬಳೀತಿದ್ದ ಒಬ್ಬ ಹುಡುಗಿ ಇದ್ದಳಂತ. ಹೊಸ್ತಿಲ ದಾಟಂಗಿಲ್ಲದ ಆ ಬಾಗಿಲಿನೊಳಗ ಒಂದು ಸಂಜಿ ಆಕಿನ್ನ ಕರೆದರಂತ. ಮರುದಿನ ಆಯಿ ಒಬ್ಬಳೇ ಕೊಟಗಿ ಬಳಿದಳಂತ. ಆ ಹುಡುಗಿ ಹೆಸರು ಕೇಳಿದೆ. ಆಯಿ ಬಹಳ ಹೊತ್ತು ನೆನಪು ಮಾಡಿಕೊಂಡು, "ನೆನಪಾಗವಲ್ದು ಮಗಾ, ಆಗ ಕೇಳಿದ್ರ ಹೇಳ್ತಿದ್ದೆ" ಅಂದಳು. ಹನ್ನೊಂದನೇತ್ತಾದಾಗ ನಾನು ನಗದಿದ್ರ ಆ ಹೆಸರು ಇವತ್ತು ನನ್ನ ನೋಟ್‌ಬುಕ್ಕಿನೊಳಗ ಇರ್ತಿತ್ತು.

ಪುಸ್ತಕ ಈಗ ಕಪಾಟಿನ ಎರಡನೇ ಸಾಲಿನ್ಯಾಗ ಅದ, ಬಾಬಾಸಾಹೇಬರ ಸಂಪುಟಗಳ ಬಾಜೂಕೇ. ಮುಂದಿನ ಐತವಾರ ಸಂಜಿ ಆರಕ್ಕ ಸಂಘದ ಖೋಲ್ಯಾಗ ಅದನ್ನ ಜೋರಾಗಿ ಓದಲಿಕ್ಕೆ ಸುರು ಮಾಡ್ತೀವಿ. ಮುಂದಿನ ಸಾಲಿನ್ಯಾಗ ಕುಂತ ನಮ್ಮ ತಮ್ಮ ಮೊದಲ ಐದು ಪುಟ ಓದ್ತೀನಿ ಅಂತ ಒಪ್ಪಿಕೊಂಡಾನ. ಬರುವಾಗ ಮನಿಯಾಗಿನ ಆಯಿ, ಮುತ್ಯಾ ಯಾರಿದ್ರೂ ಕರಕೊಂಡು ಬರ್ರಿ. ನಮ್ಮ ಆಯಿನೂ ಬರ್ತಾಳ. ಜೈ ಭೀಮ್.